ಕಾವೇರಿ ಎಂಬ ಹೆಸರು: ‘ಶರಪಂಜರ’ದಲ್ಲಿ ಹೆಣ್ಣು, ಪ್ರಕೃತಿ ಮತ್ತು ಸಂಸಾರ

ಹೆಣ್ಣನ್ನೂ ಪ್ರಕೃತಿಯನ್ನೂ ಒಂದೆಂದು ಭಾವಿಸುವ ಓದು ಕನ್ನಡ ವಿಮರ್ಶೆಗೆ ಹೊಸದಲ್ಲ. 1928ರಲ್ಲಿ ಮಂಡ್ಯದಲ್ಲಿ ಜನಿಸಿದ ತ್ರಿವೇಣಿಯವರ (ಅನಸೂಯಾ ಶಂಕರ್) ‘ಶರಪಂಜರ’ ಕಾದಂಬರಿ ಈ ಸಮೀಕರಣಕ್ಕೆ ಸುಲಭವಾಗಿ ಒಗ್ಗುವುದಿಲ್ಲ. ನಾಯಕಿಯ ಹೆಸರು ಕಾವೇರಿ. ಲೇಖಕಿಯ ಕಾವ್ಯನಾಮವೂ ನದಿಗಳ ಸಂಗಮವೇ. ಅವರು ಹುಟ್ಟಿದಾಗ ಕನ್ನಂಬಾಡಿಯಲ್ಲಿ ಅಣೆಕಟ್ಟೆ ಏಳುತ್ತಿತ್ತು. ಮುಂದೆ ಅದರ ನಾಲೆಯ ನೀರು ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಹೊಲಗಳನ್ನು ಗದ್ದೆಯಾಗಿಸಿತು. ಕಟ್ಟೆ ಕಟ್ಟಿದ ನದಿಗೂ ಕಟ್ಟುಪಾಡಿನ ಹೆಣ್ಣಿಗೂ ಸಾಮ್ಯ ಹೇಳುವುದು ಸುಲಭ. ಹಾಗೆ ಹೇಳಿದರೆ ಕೃತಿಯ ತಿರುಳು ಕೈತಪ್ಪುತ್ತದೆ.

ಹೆರಿಗೆಯ ನಂತರ ಕಾವೇರಿ ಮಾನಸಿಕ ಅಸ್ವಸ್ಥಳಾಗುತ್ತಾಳೆ, ಚಿಕಿತ್ಸೆಯಿಂದ ಗುಣಮುಖಳೂ ಆಗುತ್ತಾಳೆ. ಇಲ್ಲಿ ಪ್ರಕೃತಿಯೆಂದರೆ ಬಸಿರು ಬಾಣಂತನಗಳನ್ನು ಹೊತ್ತ ಒಡಲು. ಅದು ಚೇತರಿಸಿಕೊಂಡರೂ ಮನೆ ಅವಳನ್ನು ನಂಬುವುದಿಲ್ಲ. ಗಂಡನ ಉದಾಸೀನ, ಸುತ್ತಲಿನವರ ಅನುಮಾನದ ನೋಟ, ಎಲ್ಲದರ ಹಿಂದೆಯೂ ‘ಹುಚ್ಚಿ’ ಎಂಬ ಹಣೆಪಟ್ಟಿ ಅವಳನ್ನು ಮತ್ತೆ ಆಸ್ಪತ್ರೆಗೆ ದೂಡುತ್ತವೆ. ಈ ಎರಡನೆಯ ಕಾಯಿಲೆಯನ್ನು ಉಂಟುಮಾಡಿದ್ದು ಸಂಸಾರ. ವಂಶೋದ್ಧಾರಕ್ಕೆಂದು ಬಸಿರನ್ನು ಹರಸುವ ಪಿತೃಪ್ರಧಾನ ವ್ಯವಸ್ಥೆಯೇ ಬಸಿರಿನ ಬೆಲೆ ತೆತ್ತವಳನ್ನು ಹೊರಗಿಡುತ್ತದೆ ಎಂಬುದನ್ನು ತ್ರಿವೇಣಿ ಯಾವ ಸಿದ್ಧಾಂತದ ನೆರವೂ ಇಲ್ಲದೆ ಕಂಡರು. ಪರಿಸರ ಸ್ತ್ರೀವಾದಕ್ಕೆ ಫ್ರಾನ್ಸಿನಲ್ಲಿ ಹೆಸರು ದೊರೆತದ್ದು 1974ರಲ್ಲಿ. ಲೇಖಕಿ 1963ರಲ್ಲೇ ತೀರಿಕೊಂಡಿದ್ದರು.

ಆದರೆ ಈ ಲೋಕ ವಿದ್ಯಾವಂತ ಮಧ್ಯಮ ವರ್ಗದ್ದು. ನಾಲೆಯ ಬಯಲಿನಲ್ಲಿ ನಾಟಿ ಹಾಕಿ, ಕಳೆ ಕಿತ್ತು, ಬಾಣಂತನ ಮುಗಿಯುವ ಮೊದಲೇ ಕೆಸರಿಗಿಳಿಯುವ ಕೂಲಿ ಹೆಂಗಸು ಇಲ್ಲಿ ಕಾಣಿಸುವುದಿಲ್ಲ. ಹುಟ್ಟೂರಿನ ನದಿ ಕಾದಂಬರಿಯೊಳಗೆ ಒಂದು ಹೆಸರಾಗಿಯಷ್ಟೇ ಹರಿದಿದೆ.