‘ಅಕೇರೊ’ ಎಂಬ ಸರ್ವನಾಮ: ಲೂರ್ದಿನ ಯಾತ್ರಾಕಥನಗಳಲ್ಲಿ ಭಾಷೆಯ ಪ್ರಶ್ನೆ

ಪಿರೆನೀಸ್ ತಪ್ಪಲಿನ ಲೂರ್ದು ಪಟ್ಟಣದ ಗುಹೆಯಲ್ಲಿ 1864ರಲ್ಲಿ ಪ್ರತಿಷ್ಠಾಪಿಸಲಾದ ಮಾತೆ ಮರಿಯಳ ಅಮೃತಶಿಲಾ ವಿಗ್ರಹದ ಕಾಲಬುಡದಲ್ಲಿ ‘ನಾನು ಅಮಲೋದ್ಭವ’ ಎಂಬ ಅರ್ಥದ ಒಂದು ವಾಕ್ಯವಿದೆ. ಅದು ಫ್ರೆಂಚಿನಲ್ಲಿಲ್ಲ, ಚರ್ಚಿನ ಲ್ಯಾಟಿನ್ನಿನಲ್ಲಿಯೂ ಇಲ್ಲ. ಆಕ್ಸಿಟನ್ ಬಳಗದ ಗ್ಯಾಸ್ಕನ್ ನುಡಿಯಲ್ಲಿದೆ. 1858ರ ಫೆಬ್ರವರಿ 11ರಿಂದ ಜುಲೈ 16ರವರೆಗೆ ಹದಿನೆಂಟು ಬಾರಿ ದರ್ಶನ ಪಡೆದೆನೆಂದ ಹದಿನಾಲ್ಕರ ಬಾಲೆ ಬರ್ನಡೆಟ್ ಸುಬಿರುಗೆ ಗೊತ್ತಿದ್ದದ್ದು ಆ ನುಡಿಯೇ. ಫ್ರೆಂಚ್ ಬಾರದ ಕಾರಣ ಧರ್ಮೋಪದೇಶದ ಪಾಠ ಆಕೆಗೆ ತಲೆಗೆ ಹತ್ತುತ್ತಿರಲಿಲ್ಲ. ಮನೆಯ ನುಡಿ ಒಂದು, ಶಾಲೆಯ ನುಡಿ ಇನ್ನೊಂದು ಎಂಬ ಸ್ಥಿತಿಯನ್ನು ಕಾಸರಗೋಡು, ಹೊಸೂರು, ಜತ್ತ ಸೀಮೆಗಳ ಓದುಗರಿಗೆ ವಿವರಿಸಬೇಕಿಲ್ಲ.

ಲೂರ್ದನ್ನು ಕುರಿತ ಸಾಹಿತ್ಯ ಈ ಅಂಶವನ್ನು ಹೇಗೆ ನಡೆಸಿಕೊಂಡಿತು? ಎಮಿಲ್ ಜೋಲಾ 1892ರಲ್ಲಿ ರಾಷ್ಟ್ರೀಯ ಯಾತ್ರೆಯ ದಿನಗಳಲ್ಲಿ ಅಲ್ಲಿಗೆ ಹೋಗಿ, 1894ರಲ್ಲಿ ‘ಲೂರ್ದು’ ಕಾದಂಬರಿ ಪ್ರಕಟಿಸಿದ. ರೈಲುಮಾರ್ಗ ಲೂರ್ದನ್ನು ಮುಟ್ಟಿದ್ದು 1866ರಲ್ಲಿ. ಸಾಮೂಹಿಕ ಯಾತ್ರೆ ಬೆಳೆದದ್ದೇ ಆ ಹಳಿಗಳ ಮೇಲೆ. ಜೋಲಾ ಇದನ್ನು ಚೆನ್ನಾಗಿ ಗ್ರಹಿಸಿದ್ದಾನೆ. ರೋಗಿಗಳನ್ನು ತುಂಬಿಕೊಂಡ ಬಿಳಿಯ ರೈಲು, ಡಬ್ಬಿಯೊಳಗಿನ ಸೆಕೆ, ನರಳಾಟ, ಪ್ರಾರ್ಥನೆಗಳು ಕಾದಂಬರಿಯ ಅತ್ಯುತ್ತಮ ಭಾಗ. ನಂಬಿಕೆ ಕಳೆದುಕೊಂಡ ಪಾದ್ರಿ ಪಿಯೆರ್ ಅದೇ ಡಬ್ಬಿಯಲ್ಲಿ ಬರ್ನಡೆಟ್‌ಳ ಕಥೆ ಹೇಳುತ್ತಾನೆ. ಆದರೆ ಆ ಕಥೆ ಆಗಲೇ ಫ್ರೆಂಚಾಗಿಬಿಟ್ಟಿದೆ. ಜನಸ್ತೋಮದ ಮೈಯನ್ನು ಇಷ್ಟು ಸೂಕ್ಷ್ಮವಾಗಿ ನೋಡಿದವನಿಗೆ ಅದರ ಕೇಂದ್ರದಲ್ಲಿದ್ದ ಹುಡುಗಿಯ ನಾಲಿಗೆ ಮುಖ್ಯವೆನಿಸಲಿಲ್ಲ. ಇನ್ನೊಂದು ದೋಷ ಇದಕ್ಕಿಂತ ಗಂಭೀರ: ಗುಣಮುಖಳಾದಂತೆ ಕಾಣುವ ಕ್ಷಯರೋಗಿ ಗ್ರಿವೋತ್‌ಗೆ ಮರುಪ್ರಯಾಣದಲ್ಲಿ ರೋಗ ಮರುಕಳಿಸುತ್ತದೆ, ಆ ಪಾತ್ರಕ್ಕೆ ಮಾದರಿಯಾದ ಹೆಂಗಸಿಗೆ ಹಾಗಾಗಿರಲಿಲ್ಲ. ಪವಾಡವನ್ನು ನಂಬದಿರುವುದು ಲೇಖಕನ ಹಕ್ಕು. ವೈಜ್ಞಾನಿಕ ವಾಸ್ತವವಾದದ ಹೆಸರಿನಲ್ಲಿ ಸಾಕ್ಷ್ಯವನ್ನು ತಿದ್ದುವುದು ಬೇರೆ ಮಾತು.

ಫ್ರಾಂಜ್ ವರ್ಫೆಲ್‌ನ ಹಿನ್ನೆಲೆ ಬೇರೆ. ನಾತ್ಸಿಗಳಿಂದ ತಪ್ಪಿಸಿಕೊಳ್ಳುತ್ತಿದ್ದ ಈ ಯೆಹೂದಿ ಲೇಖಕ 1940ರಲ್ಲಿ ಲೂರ್ದಿನಲ್ಲಿ ಆಶ್ರಯ ಪಡೆದ. ಬದುಕುಳಿದರೆ ಬರ್ನಡೆಟ್‌ಳ ಕಥೆ ಬರೆಯುವೆನೆಂದು ಹರಕೆ ಹೊತ್ತು 1941ರಲ್ಲಿ ಜರ್ಮನ್ ಕಾದಂಬರಿಯನ್ನು ಹೊರತಂದ. ಬಡತನದ ಚಿತ್ರಣದಲ್ಲಿ ವರ್ಫೆಲ್ ಜೋಲಾನಿಗಿಂತ ಹೆಚ್ಚು ಆರ್ದ್ರ. ಆದರೂ ಅವನ ಪುಟಗಳಲ್ಲಿ ಗುಹೆಯಲ್ಲಿ ಕಂಡದ್ದು ಮೊದಲಿನಿಂದ ‘ಮಹಿಳೆ’, ಗೌರವಾರ್ಹ ಹೆಣ್ಣು.

ಬರ್ನಡೆಟ್ ಮೊದಲು ಹೇಳಿದ್ದು ಅದಲ್ಲ. ಆಕೆ ಬಳಸಿದ ಪದ ‘ಅಕೇರೊ’, ಅಂದರೆ ‘ಅದು’. ಕಂಡದ್ದಕ್ಕೆ ಹೆಸರಿಡಲು ಆಕೆ ಒಪ್ಪಲಿಲ್ಲ. ಪೊಲೀಸ್ ಅಧಿಕಾರಿ ಜಾಕೊಮೆ ವಿಚಾರಣೆ ನಡೆಸಿ ಹೇಳಿಕೆಯನ್ನು ಫ್ರೆಂಚಿನಲ್ಲಿ ಬರೆದುಕೊಂಡು ಓದಿ ಹೇಳಿದಾಗ, ಹೇಳಿದ್ದನ್ನೆಲ್ಲ ಬದಲಿಸಿದ್ದೀರೆಂದು ಆಕೆ ಆಕ್ಷೇಪಿಸಿದಳು. ನಪುಂಸಕಲಿಂಗದ ಈ ದರ್ಶಕ ಸರ್ವನಾಮ ಫ್ರೆಂಚಿನಲ್ಲಿ ‘ಕನ್ಯೆ’, ‘ಮಹಿಳೆ’ಗಳಾಗಿ ಮಾರ್ಪಟ್ಟಾಗ ಆದ ನಷ್ಟ ವ್ಯಾಕರಣದ್ದಷ್ಟೇ ಅಲ್ಲ, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಉಳಿಸಿದ ಸಾಕ್ಷಿಯ ಎಚ್ಚರವೂ ಅಳಿಸಿಹೋಯಿತು. ಕನ್ನಡದ ‘ಅದು’ ಈ ಎಚ್ಚರವನ್ನು ಸಲೀಸಾಗಿ ಹೊರಬಲ್ಲದು. ಲೂರ್ದಿನ ಕಥನವನ್ನು ಕನ್ನಡಿಸುವವರು ಭಕ್ತಿಯ ಭರದಲ್ಲಿ ‘ಅವರು’ ಎಂದು ಆರಂಭಿಸಿದರೆ ಕೈಯಲ್ಲಿದ್ದ ಅನುಕೂಲವನ್ನು ಚೆಲ್ಲಿದಂತಾದೀತು.

ಇದಕ್ಕೆ ಸಂವಾದಿಯಾದ ವಿವರವೊಂದಿದೆ. ‘ಅದು’ ಮೊದಲ ಬಾರಿ ಮಾತನಾಡಿದ್ದು ಫೆಬ್ರವರಿ 18ರಂದು: ಹದಿನೈದು ದಿನ ಇಲ್ಲಿಗೆ ಬರುವ ಕೃಪೆ ಮಾಡುವಿರಾ ಎಂಬ ವಿನಂತಿ. ಮಾತು ಗ್ಯಾಸ್ಕನ್ನಿನದು, ಸಂಬೋಧನೆ ಬಹುವಚನದ್ದು. ಊರಿನ ದೊಡ್ಡವರಿಂದ ಏಕವಚನವನ್ನೇ ಕೇಳುತ್ತಿದ್ದ, ಹಿಂದೆ ಜೈಲಾಗಿದ್ದ ಕೋಣೆಯಲ್ಲಿ ವಾಸವಿದ್ದ ಗಿರಣಿಯವನ ಮಗಳಿಗೆ ಅವಳದೇ ನುಡಿಯಲ್ಲಿ ‘ನೀವು’ ಎಂಬ ಕರೆ! ಆಡಳಿತವೂ ಶಾಲೆಯೂ ಒರಟು ಆಡುಮಾತೆಂದು ತಳ್ಳಿದ್ದ ನುಡಿಗೆ ಬಹುಮಾನದ ರೂಪವೂ ಇತ್ತೆಂಬುದನ್ನು ಈ ಒಂದು ವಾಕ್ಯ ತೋರಿಸುತ್ತದೆ. ಜರ್ಮನ್, ಫ್ರೆಂಚ್ ಎರಡರಲ್ಲೂ ಗೌರವವಾಚಕಗಳಿರುವುದರಿಂದ ಅನುವಾದದಲ್ಲಿ ವಿನಯ ಉಳಿಯುತ್ತದೆ. ಯಾವ ನುಡಿ ಆ ವಿನಯವನ್ನು ಪಡೆದುಕೊಂಡಿತೆಂಬುದು ಉಳಿಯುವುದಿಲ್ಲ.

ಯಾತ್ರೆಯ ಅಧ್ಯಯನದಲ್ಲಿ ವಿಕ್ಟರ್ ಮತ್ತು ಎಡಿತ್ ಟರ್ನರ್ 1978ರಲ್ಲಿ ಮಂಡಿಸಿದ ಸಮಭಾವದ ಪರಿಕಲ್ಪನೆ ಇಂದಿಗೂ ಉಪಯುಕ್ತ. ಯಾತ್ರಿಕರ ನಡುವೆ ಅಂತಸ್ತು ಸಡಿಲವಾಗುತ್ತದೆಂಬುದು ಅದರ ಸಾರ. ಭಾಷೆಗಳ ಅಂತಸ್ತಿಗೆ ಅದು ಅಷ್ಟು ಸುಲಭವಾಗಿ ಅನ್ವಯಿಸದು. ಲೂರ್ದಿನ ಸಂಜೆಯ ದೀಪದ ಮೆರವಣಿಗೆಯಲ್ಲಿ ಜಪಸರ ಹಲವು ರಾಷ್ಟ್ರಭಾಷೆಗಳಲ್ಲಿ ಕೇಳಿಬರುತ್ತದೆ. ಗ್ಯಾಸ್ಕನ್ ಮಾತ್ರ ಕಲ್ಲಿನಲ್ಲಿ ಪೂಜ್ಯ, ಬೀದಿಯಲ್ಲಿ ವಿರಳ.