ಅಟಕೆಯ ಮಳೆ: ಒಂದು ಮುದ್ರಿತ ಚಿತ್ರದ ಕರ್ತೃತ್ವ ವಿಚಾರ

ಜಪಾನಿನ ವರ್ಣಮುದ್ರಿತ ಚಿತ್ರಗಳನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಚಿತ್ರಕಾರನೊಬ್ಬನನ್ನೇ ಕರ್ತೃವೆಂದು ಭಾವಿಸಿ ವಿಮರ್ಶೆಗೆ ತೊಡಗುತ್ತಾರೆ. ಈ ಪದ್ಧತಿ ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು ಉತಗವ ಹಿರೋಷಿಗೆಯ (1797–1858) ಒಂದು ಕೃತಿಯ ಆಧಾರದಿಂದ ಪರಿಶೀಲಿಸಬಹುದು. ಇಂದು ಟೋಕಿಯೊ ಎನಿಸಿರುವ ಎದೊ ನಗರದ ನೂರು ಪ್ರಸಿದ್ಧ ದೃಶ್ಯಗಳ ಮಾಲೆಯಲ್ಲಿ 1857ರಲ್ಲಿ ಪ್ರಕಟವಾದ, ಷಿನ್-ಓಹಾಷಿ ಸೇತುವೆಯ ಮೇಲೂ ಆಚೆಯ ಅಟಕೆ ದಡದ ಮೇಲೂ ಸುರಿಯುವ ಹಠಾತ್ ಮಳೆಯ ಚಿತ್ರವದು. ಮೇಲೆ ಕಾರ್ಮುಗಿಲು, ಕೆಳಗೆ ಮರದ ಸೇತುವೆ, ತಲೆ ಮರೆಸಿಕೊಂಡು ಓಡುವ ದಾರಿಗರು, ಸುಮಿದಾ ನದಿಯಲ್ಲಿ ತೆಪ್ಪ ನಡೆಸುವ ಒಬ್ಬ ಅಂಬಿಗ.

ಚಿತ್ರದ ಜೀವವಿರುವುದು ಮಳೆಯ ಗೆರೆಗಳಲ್ಲಿ. ಕುಂಚಕ್ಕೆ ಒಂದೇ ಬೀಸಿನಲ್ಲಿ ಒದಗುವ ಗೆರೆ ಮರದಲ್ಲಿ ಹಾಗೆ ಒದಗುವುದಿಲ್ಲ. ಚಿತ್ರ ಬರೆದ ತೆಳುಗಾಗದವನ್ನು ಚೆರಿಮರದ ಹಲಗೆಯ ಮೇಲೆ ಬೋರಲಾಗಿ ಅಂಟಿಸಿ, ಕೊರೆಯುವವನು ಪ್ರತಿಯೊಂದು ಗೆರೆಯ ಎರಡು ಪಕ್ಕದ ಮರವನ್ನೂ ತೆಗೆಯಬೇಕು. ಉಳಿದ ಕೂದಲೆಳೆಯಂಥ ಏಣೇ ಮಳೆಯಾಗುತ್ತದೆ. ಇಲ್ಲಿ ತುಸು ಬೇರೆ ಬೇರೆ ಓರೆಯ ಗೆರೆಗಳು ಒಂದರ ಮೇಲೊಂದು ಹಾದು, ಮಳೆಯ ರಭಸವನ್ನೂ ಆಳವನ್ನೂ ತೋರಿಸುತ್ತವೆ.

ಅನಂತರದ್ದು ಮುದ್ರಕನ ಕಾರ್ಯ. ಸುಜುಕಿ ಹರುನೊಬುವಿನ ಕಾಲದಲ್ಲಿ, 1765ರ ಸುಮಾರಿಗೆ, ನೆಲೆಗೊಂಡ ಬಹುವರ್ಣ ಪದ್ಧತಿಯಲ್ಲಿ ಬಣ್ಣಬಣ್ಣಕ್ಕೂ ಬೇರೆ ಅಚ್ಚುಹಲಗೆಗಳು ಬೇಕು. ಪ್ರತಿ ಹಲಗೆಯಲ್ಲಿಯೂ ಕೊರೆದ ‘ಕೆಂತೊ’ ಎಂಬ ಗುರುತಿಗೆ ಕಾಗದವನ್ನು ತಾಗಿಸಿಟ್ಟರೆ ಮಾತ್ರ ಬಣ್ಣಗಳು ತಮ್ಮ ಸ್ಥಾನದಲ್ಲಿ ಬೀಳುತ್ತವೆ. ಮೋಡದ ಕಪ್ಪು ಕೆಳಗಿಳಿಯುತ್ತ ಕರಗುವ ಛಾಯೆಯಾದರೋ ಹಲಗೆಯಲ್ಲಿ ಇಲ್ಲವೇ ಇಲ್ಲ. ಒದ್ದೆಮಾಡಿದ ಹಲಗೆಯ ಮೇಲೆ ಮುದ್ರಕನು ಪ್ರತಿಸಲವೂ ಕೈಯಿಂದಲೇ ಬಣ್ಣವನ್ನು ತೆಳುವಾಗಿಸಿ ಅದನ್ನು ಸಾಧಿಸುತ್ತಾನೆ. ಆದುದರಿಂದಲೇ ಈ ಚಿತ್ರದ ಎರಡು ಪ್ರತಿಗಳಲ್ಲಿ ಆಕಾಶ ಒಂದೇ ತೆರನಾಗಿರುವುದಿಲ್ಲ.

ಕಲ್ಪನೆ ಹಿರೋಷಿಗೆಯದೇ ಅಲ್ಲವೆ ಎಂದು ಆಕ್ಷೇಪಿಸಬಹುದು. ಅದು ನಿರ್ವಿವಾದ. ಆದರೆ ವ್ಯಾನ್ ಗೋ 1887ರಲ್ಲಿ ಇದೇ ಚಿತ್ರವನ್ನು ತೈಲವರ್ಣದಲ್ಲಿ ಅನುಕರಿಸಿದಾಗ ವಿನ್ಯಾಸವೆಲ್ಲ ಉಳಿಯಿತು. ಕೊರೆದ ಗೆರೆಯ ಬಿಗಿಯೂ ಸಮತಲ ವರ್ಣದ ಶಾಂತಿಯೂ ಉಳಿಯಲಿಲ್ಲ. ಅಲ್ಲಿನ ನದಿಯಲ್ಲಿ ಕುಂಚದ ಹೊಡೆತಗಳೇ ಎದ್ದು ಕಾಣುತ್ತವೆ. ವಿನ್ಯಾಸವನ್ನು ಕಳೆದ ಮೇಲೂ ಚಿತ್ರದಲ್ಲಿ ಉಳಿಯುವ ಅಂಶವೊಂದಿದೆ, ಅದು ಬೇರೆ ಕೈಗಳದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಚಿತ್ರಕಾರನ ಸಹಿ ನಮಗೆ ದೊರೆತಿದೆ. ಪ್ರಕಾಶಕ ಉಓಯ ಏಕಿಚಿಯ ಹೆಸರೂ ತಿಳಿದಿದೆ. ಮುದ್ರಕನಿಗೆ ಇತಿಹಾಸದಲ್ಲಿ ಸಂದ ಸ್ಥಾನ ಅತ್ಯಲ್ಪ. ಹೆಸರುಳ್ಳವರನ್ನಷ್ಟೇ ಕರ್ತೃಗಳೆಂದು ಎಣಿಸುವುದು ದಾಖಲೆಯ ಕೊರತೆಯನ್ನೇ ಸತ್ಯವೆಂದು ಸ್ವೀಕರಿಸಿದಂತೆ. ಇತಿಹಾಸದ ವಿದ್ಯಾರ್ಥಿಗೆ ಅದು ಸಲ್ಲದು. ಹೆಸರಿಲ್ಲದ ಆ ಕೈಗಳ ದಾಖಲೆ ಚಿತ್ರದಲ್ಲಿಯೇ ಇದೆ.