ಕಲ್ಲಿನ ಕೆಳಗೆ ಯಾರ ಹೆಸರು, ಚಿತ್ರದ ಕೆಳಗೆ ಯಾರ ಹೆಸರು

ಡಚ್ ಕಲಾವಿದ ವಿಲೆಮ್ ಹೊಫ್ಕರ್ ಬಾಲಿ ದ್ವೀಪದಲ್ಲಿ ಬರೆದ ಹೆಂಗಸರ ಚಿತ್ರಗಳು ಬೇಲೂರು, ಹಳೇಬೀಡು ನೋಡಿದ ಕಣ್ಣಿಗೆ ಹೊಸವು ಅನ್ನಿಸುವುದಿಲ್ಲ. ಬರಿಯ ಭುಜ, ಸೊಂಟಕ್ಕೆ ಬಿಗಿದ ಬಟ್ಟೆಯ ನೆರಿಗೆ, ಕಿವಿಯ ಓಲೆ, ಎತ್ತಿ ಕಟ್ಟಿದ ಮುಡಿ. 'ಇವರು ನಮ್ಮ ಮದನಿಕೆಯರೇ ಅಲ್ಲವೇ!' ಎಂಬ ಉದ್ಗಾರ ನಾಲಿಗೆಯ ತುದಿಗೆ ಬರುತ್ತದೆ. ಅದನ್ನು ಅಲ್ಲೇ ತಡೆದು, ಎರಡೂ ಕಡೆ ಕಣ್ಣನ್ನು ಕೊಂಚ ಕೆಳಗಿಳಿಸಿ, ಬರೆದಿರುವ ಅಕ್ಷರಗಳನ್ನು ಓದಬೇಕು.

ಬೇಲೂರಿನ ಚೆನ್ನಕೇಶವ ದೇವಾಲಯ ವಿಷ್ಣುವರ್ಧನನ ಕಾಲದ್ದು, 1117ರದ್ದು. ಅಲ್ಲಿನ ಮದನಿಕೆಯರು ಒಟ್ಟು ನಲವತ್ತೆರಡು. ಹಲವರ ಪೀಠದಲ್ಲಿ ಹಳಗನ್ನಡದ ಪುಟ್ಟ ಬರಹಗಳಿವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಗದಗಿನ ನಾಗೋಜ, ಹೀಗೆ ಕೆತ್ತಿದವರ ಹೆಸರುಗಳು. ಎದುರಾಳಿ ಶಿಲ್ಪಿಗಳಿಗೆ ಸವಾಲೆಸೆಯುವ ಬಿರುದುಗಳೂ ಉಂಟು. ಭಾರತದ ಶಿಲ್ಪಿ ಅನಾಮಿಕ ಎಂಬ ಹಳೆಯ ಮಾತಿಗೆ ಹೊಯ್ಸಳರ ಗುಡಿಗಳು ಕೊಡುವ ಉತ್ತರ ಇದು. ನಾವು ಹೆಮ್ಮೆಪಡುವುದೂ ಸರಿಯೇ. ಆದರೆ ಕನ್ನಡಿ ಹಿಡಿದು ನಿಂತವಳು ಯಾರು? ಅವಳ ಹೆಸರು ಅಲ್ಲಿಲ್ಲ. ದರ್ಪಣ ಸುಂದರಿ, ಶುಕಭಾಷಿಣಿ ಎಂದು ನಾವು ಕರೆಯುವುದು ಅವಳ ಕೈಯಲ್ಲಿರುವ ವಸ್ತುವನ್ನು ನೋಡಿ. ಅದು ಸಾಲದೆಂದು ಗೈಡುಗಳು 'ಇವಳೇ ಶಾಂತಲೆ' ಎಂದು ಸೇರಿಸುತ್ತಾರೆ. ಹೆಸರಿಲ್ಲದ ಹೆಣ್ಣಿಗೆ ರಾಣಿಯ ಹೆಸರನ್ನೇ ಕೊಡಬೇಕು ಎನ್ನುವ ನಮ್ಮ ಆತುರ ಕುತೂಹಲದ್ದು. ಡಿ.ವಿ.ಜಿ. ಇದಕ್ಕಿಂತ ಒಳ್ಳೆಯ ದಾರಿ ಹಿಡಿದರು. 'ಅಂತಃಪುರ ಗೀತೆ'ಯಲ್ಲಿ ಅವರು ಈ ಶಿಲಾಬಾಲಿಕೆಯರ ಎದುರು ನಿಂತು ಅವರನ್ನೇ ಮಾತಾಡಿಸಿದರು.

ಹೊಫ್ಕರನ ಹಾಳೆಗಳಲ್ಲಿ ಇದು ತಿರುಗುಮುರುಗು. ಅಲ್ಲಿ ಕಲಾವಿದನ ಸಹಿಯ ಜೊತೆಗೆ ಎದುರು ಕುಳಿತವಳ ಹೆಸರೂ ಉಳಿದಿದೆ: ನಿ ಕೆನ್ಯುಂಗ್, ಗುಸ್ತಿ ಕೊಂಪ್ಯಾಂಗ್ ಮಾವರ್. ಅಲ್ಲಿ 'ನಿ' ಎಂದರೆ ಹೆಸರಿನವಳು ಸಾಮಾನ್ಯರ ಮನೆಯ ಹೆಣ್ಣು, 'ಗುಸ್ತಿ' ಎಂದರೆ ಮೇಲಿನ ಕುಲದವಳು. ಅಂದರೆ ಆಕೆ ಯಾರ ಮನೆಯವಳು ಎಂಬುದರ ಸುಳಿವೂ ನಮಗೆ ಸಿಗುತ್ತದೆ. 'ಬಾಲಿಯ ಸುಂದರಿ' ಎಂದಷ್ಟೇ ಬರೆದು ಕೈತೊಳೆದುಕೊಳ್ಳಬಹುದಿತ್ತು. ಅಂಥ ಚಿತ್ರಗಳಿಗೇ ಆಗ ಗಿರಾಕಿಗಳಿದ್ದರು.

ಆ ಗಿರಾಕಿಗಳ ಬಗ್ಗೆ ಎರಡು ಮಾತು ಹೇಳದಿದ್ದರೆ ಈ ಚಿತ್ರಗಳು ಅರ್ಥವಾಗುವುದಿಲ್ಲ. ದಕ್ಷಿಣ ಬಾಲಿಯ ಬಾಡುಂಗ್ ಅರಮನೆಯ ಮೇಲೆ ಡಚ್ಚರ ಸೇನೆ ಏರಿಹೋದದ್ದು 1906ರಲ್ಲಿ. ರಾಜ ಪರಿವಾರ, ಹೆಂಗಸರು ಮಕ್ಕಳೂ ಸೇರಿ, ಬಂದೂಕಿನೆದುರು ನಡೆದುಬಂದು ಸತ್ತರು. ಎರಡೇ ದಶಕ ಕಳೆಯುವಷ್ಟರಲ್ಲಿ ಕೆ.ಪಿ.ಎಂ. ಎಂಬ ಡಚ್ ಹಡಗು ಕಂಪನಿ ಅದೇ ದ್ವೀಪಕ್ಕೆ ಪ್ರವಾಸಿಗರನ್ನು ಕರೆತರತೊಡಗಿತು. 1928ರಲ್ಲಿ ಡೆನ್‌ಪಸಾರಿನಲ್ಲಿ ಹೋಟೆಲನ್ನೂ ತೆರೆಯಿತು. ಅಂದಿನ ಬಾಲಿಯಲ್ಲಿ ಹೆಂಗಸರು ಮೇಲುಡುಪಿಲ್ಲದೆ ಸಂತೆಗೆ, ಕೆಲಸಕ್ಕೆ ಹೋಗುವುದು ರೂಢಿ. ಉಷ್ಣದೇಶದ ಆ ಸಾದಾ ರೂಢಿಯೇ ಯುರೋಪಿಗೆ ಜಾಹೀರಾತಾಯಿತು. ಹೊಫ್ಕರ್ ಕೂಡ ಬಂದದ್ದು ಇದೇ ಕಂಪನಿಯ ನೆರಳಲ್ಲಿ. ಬಟಾವಿಯಾದ ಕಚೇರಿಗೆ ರಾಣಿ ವಿಲ್ಹೆಲ್ಮಿನಾಳ ಭಾವಚಿತ್ರ ಬರೆಯಲು ಕಂಪನಿ ಅವನಿಗೆ ಹೇಳಿತ್ತು. 1938ರಲ್ಲಿ ಈಸ್ಟ್ ಇಂಡೀಸಿಗೆ ಬಂದವನು ಬಾಲಿಯಲ್ಲಿ ನೆಲೆ ನಿಂತ. ಯುದ್ಧಕಾಲದಲ್ಲಿ ಜಪಾನೀಯರು ಅವನನ್ನು ಸೆರೆಯಲ್ಲಿಟ್ಟರು.

ಅವನಿಗಿಂತ ಮೊದಲೇ, 1932ರಲ್ಲಿ, ಬೆಲ್ಜಿಯಂನ ಲ ಮೇಯರ್ ಬಂದಿದ್ದ. ಲೆಗಾಂಗ್ ನೃತ್ಯದ ಹುಡುಗಿ ನಿ ಪೊಲ್ಲಾಕ್‌ಳನ್ನು ರೂಪದರ್ಶಿಯಾಗಿಟ್ಟುಕೊಂಡ, ಮುಂದೆ ಮದುವೆಯಾದ. ಸಾನುರ್ ಕಡಲತಡಿಯ ಅವನ ತೋಟದಲ್ಲಿ ಹೂ, ಬಿಸಿಲು, ಹೆಣ್ಣು ಒಂದೇ ಬಣ್ಣದ ಅಲೆಯಲ್ಲಿ ತೇಲುತ್ತವೆ. ನನಗೆ ಆ ಚಿತ್ರಗಳು ಬೇಗ ಸಾಕಾಗುತ್ತವೆ. ಎಷ್ಟು ಹೆಂಗಸರಿದ್ದರೂ ಮುಖ ಹೆಚ್ಚುಕಡಿಮೆ ಒಂದೇ. ಯಾರಿಗೂ ಬೆನ್ನು ನೋಯುವುದಿಲ್ಲ, ಯಾರಿಗೂ ಮನೆಗೆ ಹೋಗುವ ಅವಸರವಿಲ್ಲ.

ಹೊಫ್ಕರ್ ಹಿಡಿದದ್ದು ಮುಖ್ಯವಾಗಿ ಬಣ್ಣದ ಕಡ್ಡಿ. ಕಡ್ಡಿಯ ಕೆಲಸ ನಿಧಾನ, ಅದರಲ್ಲಿ ಮುಖವನ್ನು ತೇಲಿಸಿಬಿಡಲು ಆಗುವುದಿಲ್ಲ. ರೆಪ್ಪೆಯ ಭಾರ, ತುಟಿಯಂಚಿನ ಬೇಸರ, ಮಡಿಲಲ್ಲಿ ಸುಮ್ಮನೆ ಬಿದ್ದ ಕೈಯ ಗೆಣ್ಣು, ನೇಯ್ದ ಬಟ್ಟೆಯ ಒರಟು, ಇವುಗಳ ಮೇಲೆ ಅವನ ಕಣ್ಣು ನಿಲ್ಲುತ್ತದೆ. ಎದೆಯ ಮೇಲೂ ನಿಲ್ಲುತ್ತದೆ, ಇಲ್ಲವೆನ್ನಲಾಗದು. ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ. ಇಬ್ಬರ ಮುಖ ಅದಲುಬದಲಾಗುವುದಿಲ್ಲ. ಹೆಸರಿನ ಜೊತೆಗೆ ಮುಖವೂ ಅವಳದೇ ಆಗಿರುವುದರಿಂದ ಆ ಹೆಸರಿಗೊಂದು ತೂಕ ಬಂದಿದೆ.

ಇಷ್ಟಾದರೂ 'ಹಳ್ಳಿಯ ದಿನನಿತ್ಯದ ಬದುಕು' ಎಂದು ಈ ಚಿತ್ರಗಳನ್ನು ಹೊಗಳುವುದು ನನಗೆ ಒಪ್ಪಿಗೆಯಿಲ್ಲ. ದಿನನಿತ್ಯ ಎಂದರೆ ಕೆಲಸ. ಹೊಫ್ಕರನ ಹೆಂಗಸರು ಹೆಚ್ಚಾಗಿ ಕುಳಿತಿದ್ದಾರೆ, ಅವನಿಗಾಗಿ ಕುಳಿತಿದ್ದಾರೆ. ಕೆಲಸ ಬಿಟ್ಟು ಬಂದ ಆ ಹೊತ್ತನ್ನು ಅವನು ಪ್ರಾಮಾಣಿಕವಾಗಿ ಬರೆದ, ಬಿಟ್ಟುಬಂದ ಕೆಲಸವನ್ನು ಬರೆಯಲಿಲ್ಲ.

ಇದೇ ಪ್ರಶ್ನೆಯನ್ನು ಬೇಲೂರಿಗೂ ಕೇಳಬೇಕಲ್ಲ? ಮದನಿಕೆಯರಲ್ಲಿ ಒಬ್ಬಳು ಸೀರೆಯೊಳಗೆ ಸೇರಿದ ಚೇಳನ್ನು ಕೊಡವುತ್ತಾಳೆ, ಒಬ್ಬಳ ಸೆರಗನ್ನು ಕೋತಿ ಎಳೆಯುತ್ತದೆ, ಒಬ್ಬಳು ಬಿಲ್ಲು ಹಿಡಿದಿದ್ದಾಳೆ, ಒಬ್ಬಳು ಒದ್ದೆ ಕೂದಲು ಹಿಂಡುತ್ತಾಳೆ. ಮೇಲಿನ ಬಳ್ಳಿಯಲ್ಲಿ ಹಣ್ಣಿನ ಮೇಲಿನ ನೊಣಕ್ಕೆ ಹೊಂಚುವ ಹಲ್ಲಿಯನ್ನೂ ಶಿಲ್ಪಿ ಬಿಟ್ಟಿಲ್ಲ. ಬದುಕು ಎಷ್ಟೊಂದಿದೆ! ಆದರೆ ಈ ಅಲಂಕಾರಕ್ಕೆ ಬೇಕಾದ್ದನ್ನು ಹೊತ್ತು ನಿಂತವರು, ವಾದ್ಯ ನುಡಿಸುವವರು, ಬೇಟೆ ಹೊರುವವರು ಎಲ್ಲಿ? ಇದ್ದಾರೆ, ಇಕ್ಕೆಲದಲ್ಲಿ, ಮದನಿಕೆಯ ಮೊಣಕಾಲಿನ ಆಸುಪಾಸಿಗೆ ಬರುವಷ್ಟು ಎತ್ತರದಲ್ಲಿ. ಕಲ್ಲಿನಲ್ಲಿ ದುಡಿಮೆಯ ಅಳತೆ ಅದು. ಮೇಲೆ ನೋಡಿ ಕತ್ತು ನೋವಾದ ಮೇಲೆ ಒಂದಿಷ್ಟು ಹೊತ್ತು ಆ ಪುಟ್ಟವರನ್ನೇ ನೋಡಿ. ಮುಂದಿನ ಸಲ ಮದನಿಕೆ ಸ್ವಲ್ಪ ಬೇರೆಯಾಗಿ ಕಾಣುತ್ತಾಳೆ.

ಹೆಸರು ಉಳಿಯಬೇಕಾದರೆ ಹೆಣ್ಣು ಏನಾಗಿರಬೇಕಿತ್ತು ಎಂಬುದಕ್ಕೆ ಹಳೇಬೀಡಿನಲ್ಲಿ ಉತ್ತರವಿದೆ. ಜೋಡಿ ಗರ್ಭಗುಡಿಗಳಲ್ಲಿ ಒಂದು ಹೊಯ್ಸಳೇಶ್ವರ, ಇನ್ನೊಂದು ಶಾಂತಲೇಶ್ವರ. ಪಟ್ಟದರಾಣಿಯ ಹೆಸರನ್ನು ದೇವರೇ ಹೊತ್ತಿದ್ದಾನೆ. ಅರಸೀಕೆರೆಗೆ ಬಂದರೆ ಅಷ್ಟೂ ಇಲ್ಲ. ಅಲ್ಲಿನ ಈಶ್ವರ ಗುಡಿಯ ನಕ್ಷತ್ರಾಕಾರದ ಮಂಟಪವನ್ನು ನೋಡಲು ಬರುವವರೇ ಕಡಿಮೆ; 2023ರ ಯುನೆಸ್ಕೊ ಪಟ್ಟಿ ಬೇಲೂರು, ಹಳೇಬೀಡು, ಸೋಮನಾಥಪುರಕ್ಕೆ ನಿಂತಿತು. ಊರಿನ ಹೆಸರಲ್ಲೇ ಒಬ್ಬ ಅರಸಿ ಇದ್ದಾಳೆ, ಅವಳ ಕೆರೆಯೂ ಇದೆ. ಅರಸಿಯ ಹೆಸರೇನೆಂದು ಊರಿನ ಹೆಸರು ಹೇಳುವುದಿಲ್ಲ.

ಹೊಫ್ಕರನ ಹೆಂಡತಿ ಮರಿಯಾ ರ್‍ಯೂಟರ್ ಕೂಡ ಕಲಾವಿದೆ. ಗಂಡ ಹೆಂಗಸರನ್ನು ಬರೆಯುತ್ತಿದ್ದಾಗ ಆಕೆ ಅದೇ ಬಾಲಿಯ ಗುಡಿಗಳನ್ನು, ಕಲ್ಲನ್ನು ಬರೆದಳು. ಆ ಚಿತ್ರಗಳ ಬಗ್ಗೆ ಕನ್ನಡದಲ್ಲಿ ಯಾರಾದರೂ ಬರೆದರೆ ಓದಲು ನಾನು ಕಾದಿದ್ದೇನೆ.